ಗಂಗಾಮೂಲದಿಂದ ವಾಂಟೇಜ್‌ಗೆ: ಒಂದು ಜಿಜ್ಞಾಸೆಯ ದಾರಿ

ಕಾರ್ಕಳದಿಂದ ಬಜಗೋಳಿ ಹಾದು ಕುದುರೆಮುಖದತ್ತ ಹೊರಟ ಬಸ್ಸು ಮಾಳ ದಾಟುತ್ತಿದ್ದಂತೆ ಗೇರು ಬದಲಿಸಿ ಘಟ್ಟ ಏರತೊಡಗುತ್ತದೆ. ಅಡಿಕೆ ತೋಟಗಳು ಹಿಂದೆ ಸರಿದು ಕಾಡು ಎರಡೂ ಬದಿಯಿಂದ ಒತ್ತಿಕೊಂಡು ಬರುತ್ತದೆ. ಮಳೆಗಾಲವಾದರೆ ತಿರುವಿಗೊಂದು ತೊರೆ; ಬಸ್ಸಿನಿಂದ ಇಳಿದವರ ಕಾಲಿಗೆ ಉಂಬಳ ಹತ್ತುವುದು ತಪ್ಪಿದ್ದಲ್ಲ. ಇಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಜಿಲ್ಲೆಯ ಗಡಿ ದಾಟಿದ ಮೇಲೆ ಗಂಗಾಮೂಲದ ಬೆಟ್ಟಸಾಲು ಕಾಣಿಸುತ್ತದೆ. ವರಾಹ ಪರ್ವತ ಎಂದೂ ಅದಕ್ಕೆ ಹೆಸರು.

ಈ ಒಂದೇ ಬೆಟ್ಟದ ಮಡಿಲಿನಿಂದ ಮೂರು ನದಿಗಳು ಹೊರಡುತ್ತವೆ. ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಭೂಗೋಳದ ಪುಸ್ತಕದಲ್ಲಿ ಇಂಥ ಜಾಗಕ್ಕೆ ಜಲವಿಭಾಜಕ ಎನ್ನುತ್ತಾರೆ. 1987ರಲ್ಲಿ ಈ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. 2005ರ ಕೊನೆಗೆ ಅದಿರಿನ ಗಣಿಗಾರಿಕೆಯೂ ನಿಂತಿತು. ಈಗ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಹೋಗುವಂತಿಲ್ಲ. ಪ್ರವಾಸಿಗರು ರಸ್ತೆಯ ಬದಿಯಲ್ಲಿ ನಿಂತು ಶೋಲಾ ಕಾಡನ್ನೂ ಹುಲ್ಲಿನ ಬೋಳು ಗುಡ್ಡಗಳನ್ನೂ ನೋಡಿ ಮುಂದೆ ಸಾಗುತ್ತಾರೆ.

ಈ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣು ಮಗು ಹುಟ್ಟಿತೆಂಬುದು ಇಲ್ಲಿ ಹಾದುಹೋಗುವ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಪಂಡಿತಾ ರಮಾಬಾಯಿ ಎಂಬ ಹೆಸರು ಶಾಲೆಯ ಪಾಠದಲ್ಲಿ ಬಂದರೂ ಒಂದು ಸಾಲಿನಲ್ಲಿ ಮುಗಿದುಬಿಡುತ್ತದೆ: ಸಮಾಜ ಸುಧಾರಕಿ, ವಿಧವೆಯರಿಗಾಗಿ ಶಾಲೆ ತೆರೆದವರು. ಆಕೆ ಕ್ರೈಸ್ತ ಧರ್ಮಕ್ಕೆ ಸೇರಿದರೆಂಬ ಸಂಗತಿಯನ್ನು ಕೆಲವರು ಹೆಮ್ಮೆಯಿಂದ, ಕೆಲವರು ಬೇಸರದಿಂದ ಹೇಳುತ್ತಾರೆ. ಸೇರುವ ಮುನ್ನ ಆಕೆ ಆ ಧರ್ಮವನ್ನು ಹೇಗೆ ತೂಗಿ ನೋಡಿದರು, ಸೇರಿದ ಮೇಲೂ ಹೇಗೆ ತೂಗುತ್ತಲೇ ಇದ್ದರು ಎಂಬುದನ್ನು ಮಾತ್ರ ಎರಡೂ ಕಡೆಯವರು ಅಷ್ಟಾಗಿ ಹೇಳುವುದಿಲ್ಲ. ಆ ಕತೆ ತಿಳಿಯಬೇಕಾದರೆ ಈ ಬೆಟ್ಟದಿಂದಲೇ ಹೊರಡಬೇಕು.

ಬೆತ್ತದ ಬುಟ್ಟಿಯ ಪಯಣ

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣ ಮನೆತನದವರು. ಹರೆಯದಲ್ಲಿ ಪುಣೆಗೆ ಹೋಗಿ ಸಂಸ್ಕೃತ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೂ ಪಾಠ ಹೇಳುತ್ತಿದ್ದರು. ಹೆಂಗಸರೂ ಸಂಸ್ಕೃತ ಕಲಿಯಬಹುದೆಂಬುದು ಆಗಲೇ ಅವರ ಮನಸ್ಸಿಗೆ ನಾಟಿತು. ಎರಡನೆಯ ಮದುವೆಯಾದ ಮೇಲೆ ಬಾಲೆಯಾಗಿದ್ದ ಪತ್ನಿ ಲಕ್ಷ್ಮೀಬಾಯಿಗೆ ಪಾಠ ಶುರು ಮಾಡಿದರು. ಊರಿನಲ್ಲಿ ಗುಲ್ಲೆದ್ದಿತು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಇದು ಶಾಸ್ತ್ರವಿರೋಧವಲ್ಲವೆಂದು ಗ್ರಂಥಗಳ ಆಧಾರದಿಂದಲೇ ತೋರಿಸಬೇಕಾಯಿತೆಂದು ರಮಾಬಾಯಿ ಬರೆದಿದ್ದಾರೆ. ಆದರೂ ಊರಿನ ಮಾತು ಬೇಡವೆಂದು ಅವರು ಗಂಗಾಮೂಲದ ಕಾಡಿಗೆ ಬಂದು ಮನೆ ಕಟ್ಟಿ ಶಿಷ್ಯರಿಗೆ ಪಾಠ ಹೇಳತೊಡಗಿದರು. ಹುಲಿ ತಿರುಗುವ ಕಾಡಿನಲ್ಲಿ ಹೆಂಡತಿಗೆ ವ್ಯಾಕರಣ ಹೇಳಿಕೊಟ್ಟ ಶಾಸ್ತ್ರಿಗಳನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಇಷ್ಟಾದರೂ ಅವರು ಒಂದು ಗೆರೆ ದಾಟಲಿಲ್ಲ. ಹೆಂಗಸರು ಕಾವ್ಯ, ಪುರಾಣ ಓದಬಹುದು. ವೇದ ಮಾತ್ರ ಕೂಡದು ಎಂದೇ ಅವರ ನಂಬಿಕೆ. ಈ ಗೆರೆಯ ಬಳಿಗೆ ಮಗಳು ಮುಂದೆ ಬರಬೇಕಾಗಿತ್ತು.

ಅತಿಥಿಗಳು, ಯಾತ್ರಿಕರು, ವಿದ್ಯಾರ್ಥಿಗಳು ಎಂದು ಎಲ್ಲರಿಗೂ ಊಟ ಹಾಕಿ ಕೈಯಲ್ಲಿದ್ದುದೆಲ್ಲ ಕರಗಿತು. ಮಗು ರಮೆಗೆ ಆರು ತಿಂಗಳಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರು. ಆಮೇಲೆ ಅವರಿಗೆ ನಿಂತ ಊರೆಂಬುದೇ ಇಲ್ಲ. ಗುಡಿಯ ಜಗಲಿಯಲ್ಲಿ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಲ್ಲಿ ಹೊಟ್ಟೆ ಹೊರೆಯುವುದು. ತಾಯಿಯೇ ಮಗಳಿಗೆ ಗುರು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ 18 ಸಾವಿರ ಶ್ಲೋಕಗಳು ಹುಡುಗಿಗೆ ಬಾಯಿಪಾಠವಾಗಿದ್ದವು.

1870ರ ದಶಕದ ಬರಗಾಲ ಈ ಸಂಸಾರವನ್ನು ಒಡೆಯಿತು. ಭಿಕ್ಷೆ ಬೇಡುವುದು ಶಾಸ್ತ್ರಿಗಳ ಅಭಿಮಾನಕ್ಕೆ ಒಗ್ಗದು. ಕೂಲಿ ಮಾಡಿ ಗೊತ್ತಿಲ್ಲ. ಇದ್ದ ಹಣವನ್ನೆಲ್ಲ ದಾನಕ್ಕೂ ವ್ರತಕ್ಕೂ ಸುರಿದು ದೇವರ ಕರುಣೆಗೆ ಕಾದರು. ಮೊದಲು ತಂದೆ ಹೋದರು. ಕೆಲವೇ ವಾರಗಳಲ್ಲಿ ರಾಯಚೂರಿನಲ್ಲಿ ತಾಯಿಯೂ ತೀರಿಕೊಂಡರು. ಹೆಣ ಹೊರಲು ನಾಲ್ವರು ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಉಳಿದೆರಡು ಕಡೆಗೆ ಅಣ್ಣ ಶ್ರೀನಿವಾಸ ಮತ್ತು ರಮಾ ಹೆಗಲು ಕೊಡಬೇಕಾಯಿತು. ಹುಡುಗಿ ಗಿಡ್ಡವಾದುದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದಳು. ರಾಯಚೂರು ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆಯಲ್ಲಿ. ಗಂಗಾಮೂಲದ ನೀರು ಹರಿದು ಬಂದ ಸೀಮೆಯಲ್ಲೇ ಗಂಗಾಮೂಲದ ಗೃಹಿಣಿ ಹಸಿದು ಸತ್ತರು. ಅಕ್ಕನೂ ಹೆಚ್ಚು ದಿನ ಬದುಕಲಿಲ್ಲ.

ಶ್ರದ್ಧೆಯಿಂದ ಮಾಡಿದ ವ್ರತಗಳಿಗೆ ಫಲವೇಕೆ ಬರಲಿಲ್ಲ ಎಂಬ ಪ್ರಶ್ನೆ ಆಗ ಹುಟ್ಟಿತು. ಅಣ್ಣ ತಂಗಿ ಅದನ್ನು ಹೊತ್ತುಕೊಂಡೇ ಉತ್ತರ ಭಾರತವನ್ನೆಲ್ಲ ನಡೆದರು.

ಕುರ್ಚಿಗೆ ನಮಸ್ಕಾರ

1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಆಗ ಆಕೆಗೆ ಇಪ್ಪತ್ತು ವರ್ಷ. ಆ ಊರಿನಲ್ಲೇ ಮೊದಲ ಬಾರಿ ಕ್ರೈಸ್ತರ ಒಂದು ಕೂಟಕ್ಕೆ ಹೋದರು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಕುರ್ಚಿಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದರು. ಎದುರಿಗೆ ವಿಗ್ರಹವಿಲ್ಲ, ಪಟವಿಲ್ಲ. ಇವರು ಕುರ್ಚಿಯನ್ನೇ ಪೂಜಿಸುತ್ತಿದ್ದಾರೆಂದು ಅಣ್ಣ ತಂಗಿ ಭಾವಿಸಿದರು! ಹೊರಡುವಾಗ ಸಂಸ್ಕೃತ ಬೈಬಲಿನ ಪ್ರತಿ ಕೈಗೆ ಬಂತು. ಓದಿದರೆ ಆ ಸಂಸ್ಕೃತದ ಶೈಲಿ ತಾವು ಬಲ್ಲ ಸಂಸ್ಕೃತದಂತಿರಲಿಲ್ಲ. ತಲೆಗೆ ಹತ್ತದೆ ಬದಿಗಿಟ್ಟರು.

ಅದೇ ಕಲ್ಕತ್ತದಲ್ಲಿ ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ಆಕೆಯ ಕೈಗೆ ವೇದದ ಪ್ರತಿಯೊಂದನ್ನು ಕೊಟ್ಟು ಓದೆಂದರು. ತಂದೆ ಎಳೆದ ಗೆರೆ ಎದುರಾಯಿತು. ಮೊದಲು ಅಳುಕಿದರೂ ಓದಿದರು. ಹೆಂಗಸರಿಗೆ ಅವರ ಧರ್ಮದ ವಿಷಯವಾಗಿ ಉಪನ್ಯಾಸ ಕೊಡಲು ಕರೆ ಬಂದಾಗ ಧರ್ಮಶಾಸ್ತ್ರಗಳನ್ನು ಹೊಸದಾಗಿ ಓದಿದರು. ಉಳಿದ ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಗ್ರಂಥಗಳು ಹೆಂಗಸನ್ನೂ ಕೆಳಜಾತಿಯವರನ್ನೂ ಕೀಳಾಗಿ ಕಾಣುವುದರಲ್ಲಿ ಮಾತ್ರ ಒಮ್ಮತದಿಂದಿವೆ ಎಂದು ಆಕೆಗೆ ಕಂಡಿತು. ಎಲ್ಲ ಗ್ರಂಥಗಳಿಗೂ ಇದು ನ್ಯಾಯವಾದ ತೀರ್ಪೆ ಎಂದು ವಿದ್ವಾಂಸರು ವಾದಿಸಬಹುದು. ಆದರೆ ಹೀಗೆಂದವರು ಯಾರದೋ ಮಾತು ಕೇಳಿ ಹೇಳಿದವರಲ್ಲ, ಮೂಲವನ್ನೇ ಓದಿದವರು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಗೆರೆ ದಾಟಿ ಮದುವೆಯಾದರು. ಅಸ್ಸಾಮಿನ ಸಿಲ್ಚರಿನ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿ ಸಿಕ್ಕಿತು. ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರು ಮನೆಗೆ ಬಂದು ಅರ್ಥ ಹೇಳತೊಡಗಿದರು. ಗಂಡನಿಗೆ ಅದು ಹಿಡಿಸಲಿಲ್ಲ. 1882ರ ಫೆಬ್ರುವರಿಯಲ್ಲಿ ಕಾಲರಾ ಅವರನ್ನೂ ಕರೆದೊಯ್ದಿತು. ವರ್ಷ ತುಂಬದ ಮಗಳು ಮನೋರಮಾಳನ್ನು ಎತ್ತಿಕೊಂಡು ರಮಾಬಾಯಿ ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರಿಗೆ ಲೇಡಿ ಡಾಕ್ಟರುಗಳು ಬೇಕೆಂದು ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ನುಡಿದರು. ತಾವೇ ವೈದ್ಯ ವಿದ್ಯೆ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಮತಾಂತರವಾಗುವುದಿಲ್ಲವೆಂದು ಹೊರಡುವ ಮುನ್ನ ಹೇಳಿಯೇ ಹೊರಟಿದ್ದರು.

ಬಿಳಿ ಕುದುರೆಯ ಸೀಮೆ

ಆಕೆ ತಲುಪಿದ ವಾಂಟೇಜ್ ಆಕ್ಸ್‌ಫರ್ಡಿನಿಂದ ದೂರವಿಲ್ಲದ ಒಂದು ಸಂತೆ ಊರು. ಆಗ ಬರ್ಕ್‌ಶೈರಿಗೆ ಸೇರಿತ್ತು, 1974ರಿಂದ ಆಕ್ಸ್‌ಫರ್ಡ್‌ಶೈರಿನಲ್ಲಿದೆ. ಸಂತೆ ಚೌಕದ ನಡುವೆ ಕೊಡಲಿ ಹಿಡಿದು ನಿಂತ ಆಲ್ಫ್ರೆಡ್ ದೊರೆಯ ಕಲ್ಲಿನ ಪ್ರತಿಮೆ ಇದೆ. ಆ ದೊರೆ ಹುಟ್ಟಿದ್ದು ಇದೇ ಊರಿನಲ್ಲಿ, 849ರಲ್ಲಿ ಎನ್ನುತ್ತಾರೆ. ಪ್ರತಿಮೆ ನಿಂತದ್ದು 1877ರಲ್ಲಿ. ರಮಾಬಾಯಿ ಬಂದಾಗ ಅದಿನ್ನೂ ಹೊಸದು. ಊರಿನ ಪಶ್ಚಿಮಕ್ಕೆ ಕೆಲವು ಮೈಲಿ ಹೋದರೆ ಸುಣ್ಣಕಲ್ಲಿನ ಗುಡ್ಡದ ಹುಲ್ಲನ್ನು ಕೆತ್ತಿ ಮಾಡಿದ ದೊಡ್ಡ ಬಿಳಿ ಕುದುರೆಯ ಚಿತ್ರ ಕಾಣಿಸುತ್ತದೆ. ಉದ್ದ ಸುಮಾರು 110 ಮೀಟರ್, ವಯಸ್ಸು ಸುಮಾರು ಮೂರು ಸಾವಿರ ವರ್ಷ. ಇಡೀ ಬಯಲಿಗೇ ಬಿಳಿ ಕುದುರೆಯ ಕಣಿವೆ ಎಂದು ಹೆಸರು. ಕುದುರೆಮುಖದ ನೆರಳಲ್ಲಿ ಹುಟ್ಟಿದವರು ಬಿಳಿ ಕುದುರೆಯ ಸೀಮೆಗೆ ಬಂದಿಳಿದದ್ದು ಬರೀ ಕಾಕತಾಳೀಯ. ಮಳೆ ಮಾತ್ರ ಕುದುರೆಮುಖದ ಹತ್ತನೆಯ ಒಂದು ಪಾಲಿನಷ್ಟು.

1848ರಲ್ಲಿ ಇಲ್ಲಿನ ಪಾದ್ರಿ ಬಟ್ಲರ್ ಸ್ಥಾಪಿಸಿದ ಸೇಂಟ್ ಮೇರಿ ಸನ್ಯಾಸಿನಿಯರ ಮಠವೇ ರಮಾಬಾಯಿಗೆ ಆಶ್ರಯವಾಯಿತು. ಆ ಮಠದ ಸಿಸ್ಟರುಗಳು ಪುಣೆಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಪರಿಚಯವಿತ್ತು. ಕಿವಿ ಮಂದವಾಗಿದ್ದ ಕಾರಣ ವೈದ್ಯ ವಿದ್ಯೆಯ ಆಸೆ ಕೈಬಿಡಬೇಕಾಯಿತು. ಜಿಜ್ಞಾಸೆ ಮುಂದುವರಿಯಿತು.

ಬುದ್ಧಿಯ ಕಡೆಯಿಂದ ಅದಕ್ಕೆ ನೀರೆರೆದವರು ನೆಹೆಮಿಯಾ ಗೋರೆ. ಇವರೂ ಚಿತ್ಪಾವನರೇ. ಕಾಶಿಯ ಈ ನೀಲಕಂಠ ಶಾಸ್ತ್ರಿ ಕ್ರೈಸ್ತ ಧರ್ಮವನ್ನು ಖಂಡಿಸಲೆಂದೇ ಅದರ ಗ್ರಂಥ ಓದಲು ಕುಳಿತು, 1848ರಲ್ಲಿ ಅದನ್ನೇ ಸ್ವೀಕರಿಸಿದವರು. ಆ ವೇಳೆಗೆ ರಮಾಬಾಯಿ ಬ್ರಹ್ಮ ಸಮಾಜದ ನಿರಾಕಾರ ಏಕದೇವರಲ್ಲಿ ನೆಮ್ಮದಿ ಹುಡುಕುತ್ತಿದ್ದರು. ಆ ಸಮಾಜ ತನ್ನ ಸ್ವಂತ ವಿವೇಕದ ಫಲವೆಂದು ಹೇಳಿಕೊಳ್ಳುವ ತತ್ತ್ವಗಳು ನಿಜವಾಗಿ ಕ್ರೈಸ್ತ ಬೋಧನೆಯಿಂದ ಬಂದವು ಎಂಬುದು ಗೋರೆಯವರ ವಾದ. ಅವರ ಬರಹ ಆಕೆಯನ್ನು ಒಪ್ಪಿಸಿತು.

ಹೃದಯದ ಕಡೆಯಿಂದ ಒಪ್ಪಿಸಿದ್ದು ಲಂಡನ್ನಿನ ಫುಲ್ಹಮ್ ಎಂಬ ಬಡಾವಣೆಯ ಒಂದು ಮನೆ. ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರನ್ನು ವಾಂಟೇಜಿನ ಸಿಸ್ಟರುಗಳು ಅಲ್ಲಿ ಸಾಕುತ್ತಿದ್ದರು. ಅಂಥವರಿಗೆ ಶಿಕ್ಷೆಯನ್ನು ಮಾತ್ರ ವಿಧಿಸುವ ಗ್ರಂಥಗಳನ್ನು ಓದಿದ್ದ ರಮಾಬಾಯಿಗೆ ಇದು ಹೊಸತು. ಇವರ ಮೇಲೆ ನಿಮಗೇಕೆ ಇಷ್ಟು ಅಕ್ಕರೆ ಎಂದು ಕೇಳಿದಾಗ ಒಬ್ಬ ಸಿಸ್ಟರ್ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕತೆಯನ್ನು ಓದಿ ಹೇಳಿದರು. ಕತೆಯೂ ಕಣ್ಣೆದುರಿನ ಕೆಲಸವೂ ಒಂದಕ್ಕೊಂದು ತಾಳೆಯಾದವು. 1883ರ ಸೆಪ್ಟೆಂಬರ್ 29ರಂದು ಆಕೆ, ಮಗಳೊಂದಿಗೆ, ಬಾಪ್ತಿಸ್ಮ ಪಡೆದರು. ಅದಕ್ಕೆ ಸ್ವಲ್ಪ ಮುಂಚೆ ಅದೇ ಊರಿನಲ್ಲಿ, ಪುಣೆಯಿಂದ ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿದ್ದರು. ಮತಾಂತರದ ಭಯವೇ ಕಾರಣವೆಂದು ಆಗ ಮಾತು ಹರಡಿತು. ವಾಂಟೇಜಿನ ಈ ಕತೆ ಹೇಳುವಾಗ ಆ ಸಾವನ್ನು ಬಿಟ್ಟು ಹೇಳುವುದು ಸರಿಯಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಯೋಗಾಲಯದಲ್ಲಿ ಏನನ್ನಾದರೂ ತೂಗುವ ಮೊದಲು ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಬೇಕೆಂದು ಎಂಟನೆಯ ತರಗತಿಯ ಹುಡುಗರಿಗೂ ಹೇಳಿಕೊಡುತ್ತಾರೆ. ರಮಾಬಾಯಿಯ ತಕ್ಕಡಿ ಸೊನ್ನೆಯಲ್ಲಿತ್ತೆ? ಪರದೇಶದಲ್ಲಿ ಎರಡೂವರೆ ವರ್ಷದ ಮಗುವಿನೊಡನೆ ಇದ್ದ ವಿಧವೆ. ಉಣ್ಣುವ ಅನ್ನ ಮಠದ್ದು. ಅದಲ್ಲದೆ ಒಂದು ಧರ್ಮದ ಗ್ರಂಥವನ್ನು ಇನ್ನೊಂದು ಧರ್ಮದವರ ಒಳ್ಳೆಯ ಕೆಲಸದೊಡನೆ ಹೋಲಿಸಿದರೆ ಮುಳ್ಳು ಎತ್ತ ವಾಲುವುದೆಂದು ಮೊದಲೇ ಹೇಳಬಹುದು. ಗ್ರಂಥಕ್ಕೆ ಗ್ರಂಥ, ಕೆಲಸಕ್ಕೆ ಕೆಲಸ ಇಟ್ಟು ತೂಗಿದ್ದರೆ ಲೆಕ್ಕ ಅಷ್ಟು ಸುಲಭವಾಗುತ್ತಿರಲಿಲ್ಲ. ಈ ಆಕ್ಷೇಪವನ್ನು ಪುಣೆಯವರು ಅಂದೇ ಎತ್ತಿದ್ದರು, ಅದರಲ್ಲಿ ಹುರುಳಿದೆ. ಆದರೆ ಅನ್ನ ಕೊಟ್ಟವರ ಮಾತಿಗೆ ಆಕೆ ತಲೆಯಾಡಿಸಿದರೆ ಎಂದು ನೋಡಲು ಹೋದರೆ ಕಾಣುವ ಚಿತ್ರವೇ ಬೇರೆ.

ಶಿಷ್ಯೆಯ ತಕರಾರುಗಳು

1884ರಲ್ಲಿ ರಮಾಬಾಯಿ ಚೆಲ್ಟನ್‌ಹ್ಯಾಮ್ ಎಂಬ ಊರಿನ ಹೆಣ್ಣುಮಕ್ಕಳ ಕಾಲೇಜಿಗೆ ಹೋದರು. ಅಲ್ಲಿ ಕಲಿಯುತ್ತ, ಸಂಸ್ಕೃತ ಕಲಿಸುತ್ತ ಇದ್ದ ಎರಡು ವರ್ಷ ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಮತ್ತು ಕಾಲೇಜಿನ ಪ್ರಿನ್ಸಿಪಾಲ್ ಡೊರೊಥಿಯಾ ಬೀಲ್ ಅವರೊಡನೆ ನಡೆಸಿದ ಪತ್ರ ವ್ಯವಹಾರ ಉಳಿದಿದೆ. 1977ರಲ್ಲಿ ಮಹಾರಾಷ್ಟ್ರದಲ್ಲಿ ಪುಸ್ತಕವಾಗಿಯೂ ಬಂದಿದೆ. ಅದನ್ನು ಓದುವವರಿಗೆ ಮಠದ ಸಾಧು ಶಿಷ್ಯೆ ಸಿಗುವುದಿಲ್ಲ, ಉಡುಪಿಯ ಸಭೆಯಲ್ಲಿ ನಿಂತ ಶಾಸ್ತ್ರಿಗಳ ಮಗಳು ಸಿಗುತ್ತಾರೆ.

ದೇವರು ಒಬ್ಬನೇ ಎಂದ ಮೇಲೆ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯ ಹೇಗೆ? ಕನ್ಯೆಯ ಗರ್ಭದಲ್ಲಿ ಯೇಸು ಜನಿಸಿದ್ದನ್ನು ನಂಬದಿದ್ದರೆ ಕ್ರೈಸ್ತಳಾಗಲಾರೆನೆ? ಇಂಗ್ಲೆಂಡಿನಲ್ಲೇ ಇಷ್ಟೊಂದು ಪಂಗಡಗಳಿದ್ದು, ಪ್ರತಿಯೊಂದೂ ತನ್ನದೇ ಸರಿ ಎನ್ನುವಾಗ ಯಾವುದರ ಅಧಿಕಾರವನ್ನು ಒಪ್ಪಬೇಕು? ಬೈಬಲಿನಲ್ಲಿ ಇರುವುದನ್ನು ತೋರಿಸಿ, ಮನಸ್ಸಾಕ್ಷಿ ಒಪ್ಪಿದರೆ ನಂಬುತ್ತೇನೆ. ಗುರುಗಳು ಹೇಳಿದರೆಂದು ನಂಬಲಾರೆ ಎಂಬುದು ಆಕೆಯ ನಿಲುವಿನ ಸಾರ. ಪಂಡಿತರ ಅಧಿಕಾರವನ್ನು ಬಿಟ್ಟು ಬಂದದ್ದು ಪಾದ್ರಿಗಳ ಅಧಿಕಾರಕ್ಕೆ ತಲೆಬಾಗಲು ಅಲ್ಲ. ಜೆರಾಲ್ಡೀನರಿಗೆ ಇದು ಅಹಂಕಾರವಾಗಿ ಕಂಡಿತು.

ಸಣ್ಣ ಸಂಗತಿಗಳಲ್ಲೂ ಹೀಗೆಯೇ. ಮಾಂಸವಂತೂ ಇಲ್ಲ, ಮೊಟ್ಟೆ ಬೆರೆಸಿದ ಪುಡಿಂಗನ್ನೂ ಆಕೆ ಮುಟ್ಟಲಿಲ್ಲ. ಹಳೆಯ ಜಾತಿಯ ವಾಸನೆ ಇನ್ನೂ ಹೋಗಿಲ್ಲವೆಂದು ಮಠದವರು ಬೇಸರಪಟ್ಟರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಭಾರತದ ಸೋದರಿಯರಿಗೆ ಲ್ಯಾಟಿನ್ ತಿಳಿಯದು, ಸಂಸ್ಕೃತದಲ್ಲಿ ಬರೆಯಿಸಿ ಎಂದು ಪಟ್ಟು ಹಿಡಿದರು. ಆಕೆ ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಇಂಗ್ಲಿಷ್ ಬಿಷಪ್ಪರು ಕೂಡದೆಂದರು. ಹೆಂಗಸು ಇದನ್ನು ಮಾಡಬಾರದು ಎಂಬ ಗೆರೆ ಇಲ್ಲೂ ಇತ್ತು! ಆಕೆ ಅದನ್ನು ಗಮನಿಸದೆ ಬಿಡಲಿಲ್ಲ. 1886ರಲ್ಲಿ ಅಮೆರಿಕಕ್ಕೆ ಹೋಗಿ ಬಂದ ಮೇಲೆ ಮರಾಠಿಯಲ್ಲಿ ಬರೆದ ಪ್ರವಾಸ ಗ್ರಂಥದಲ್ಲಿ ಆ ದೇಶವನ್ನು ಮನಸಾರೆ ಹೊಗಳಿದರೂ ಅಲ್ಲಿನ ವರ್ಣಭೇದವನ್ನು ಮುಚ್ಚಿಡಲಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದ ಮಾತು ಆಮೇಲೆ ಬಂತು. ಬಾಪ್ತಿಸ್ಮವಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಸುಮಾರಿಗೆ, ತಾನು ಇಷ್ಟು ದಿನ ಕ್ರೈಸ್ತ ಧರ್ಮವನ್ನು ಪಡೆದಿದ್ದೆನೇ ಹೊರತು ಕ್ರಿಸ್ತನನ್ನು ಪಡೆದಿರಲಿಲ್ಲ ಎಂದು ಆಕೆಗೆ ಅನ್ನಿಸಿತು. ವಾದದಲ್ಲಿ ಗೆದ್ದ ಸತ್ಯ ಬಾಳಿಗೆ ಇಳಿದಿರಲಿಲ್ಲ. ಹೀಗೆ ಒಪ್ಪಿಕೊಳ್ಳಲು ಬಾಪ್ತಿಸ್ಮಕ್ಕೆ ಬೇಕಾದುದಕ್ಕಿಂತ ಹೆಚ್ಚು ಧೈರ್ಯ ಬೇಕು. ಏಕೆಂದರೆ ಮಿತ್ರರೂ ವಿರೋಧಿಗಳೂ ಆಕೆಯ ಪ್ರಶ್ನೆ ಎಂದೋ ಮುಗಿದುಹೋಯಿತೆಂದು ತಿಳಿದಿದ್ದರು.

ತೆರೆದ ಬಾಗಿಲು

ಅಷ್ಟರಲ್ಲಿ ಭಾರತದಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಯಾರಿಗೂ ಮತ ಬೋಧಿಸುವುದಿಲ್ಲವೆಂಬುದು ಕರಾರು. ಆದರೆ ರಮಾಬಾಯಿ ಮಗಳೊಡನೆ ಪ್ರಾರ್ಥನೆಗೆ ಕೂರುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿ ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ಎಳೆಯ ಮಕ್ಕಳ ಮುಂದೆ ತೆರೆದ ಬಾಗಿಲೂ ಒಂದು ಬಗೆಯ ಬೋಧನೆಯೇ ಎಂದು ತಂದೆ ತಾಯಿಗೆ ಅನ್ನಿಸಿದರೆ ಅದನ್ನು ಬರಿಯ ಮತಾಂಧತೆ ಎನ್ನಲಾಗದು. ತನ್ನ ಮನೆಯಲ್ಲಿ ತಾನು ಬಾಗಿಲು ಮುಚ್ಚಿ ಏಕೆ ಪ್ರಾರ್ಥಿಸಬೇಕು ಎಂಬ ಆಕೆಯ ಪ್ರಶ್ನೆಗೂ ಉತ್ತರ ಹೇಳುವುದು ಕಷ್ಟ. ಅದೇ 1893ರಲ್ಲಿ ಸದನದ ವಿದ್ಯಾರ್ಥಿನಿ ಗೋದೂಬಾಯಿ ಫರ್ಗ್ಯುಸನ್ ಕಾಲೇಜಿನ ಗಣಿತದ ಮೇಷ್ಟ್ರು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಅವರು ಹಿಂದೂವಾಗಿಯೇ ಉಳಿದರು. ಕರ್ವೆ ಮುಂದೆ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದರು.

ಪುಣೆಯಿಂದ ಸೋಲಾಪುರದತ್ತ ಹೋಗುವ ರೈಲು ಮಾರ್ಗದಲ್ಲಿ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್ ಒಣ ಸೀಮೆಯ ಊರು. 1896ರ ನಂತರದ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿದು ಅನಾಥರಾದ ಹುಡುಗಿಯರನ್ನು ಕರೆತಂದು ಇಟ್ಟದ್ದು ಇಲ್ಲಿ. ರಾಯಚೂರಿನಲ್ಲಿ ತಾಯಿಗೆ ಸಿಗದ ಅನ್ನ ಇಲ್ಲಿ ನೂರಾರು ಮಂದಿಗೆ ಸಿಕ್ಕಿತು. ಬಾವಿ ತೋಡಿಸಿದರು, ಹೊಲ ಮಾಡಿಸಿದರು; ಮಗ್ಗ, ಎಣ್ಣೆ ಗಾಣ, ಕುರುಡರಿಗೆ ಬ್ರೈಲ್ ಪಾಠ ಎಲ್ಲ ಇದ್ದವು. ‘ಮುಕ್ತಿ’ ಎಂದು ಹೆಸರಿಟ್ಟರು. ತಂದೆ ವ್ರತ ಮಾಡಿ ಹುಡುಕಿದ ಪದ ಅದು. ಸಂಸ್ಥೆ ಇಂದಿಗೂ ನಡೆಯುತ್ತಿದೆ. 1912ರಲ್ಲಿ ಗುಲ್ಬರ್ಗದಲ್ಲೂ, ಎಂದರೆ ಈಗಿನ ಕಲಬುರಗಿಯಲ್ಲಿ, ಮಗಳು ಮನೋರಮಾಳ ನೆರವಿನಿಂದ ಶಾಲೆಯೊಂದನ್ನು ತೆರೆದರು.

ಕೊನೆಯ ವರ್ಷಗಳಲ್ಲಿ ಆಕೆ ಕೈಹಾಕಿದ್ದು ಬೈಬಲಿನ ಹೊಸ ಮರಾಠಿ ಅನುವಾದಕ್ಕೆ. ಹಳೆಯ ಅನುವಾದದ ಸಂಸ್ಕೃತ ಶಬ್ದಗಳು ಹಳ್ಳಿಯ ಹೆಂಗಸರಿಗೆ ತಿಳಿಯವು. ತಿಳಿದವರಿಗೆ ಬೇರೆಯೇ ಅರ್ಥ ಕೊಡುತ್ತವೆ ಎಂಬುದು ಆಕೆಯ ತಕರಾರು. ಇಂಗ್ಲಿಷನ್ನು ನಂಬಿ ಕೂರದೆ ಹೀಬ್ರೂ ಮತ್ತು ಗ್ರೀಕ್ ಕಲಿತರು. ಧರ್ಮಶಾಸ್ತ್ರಗಳನ್ನು ಮೂಲದಲ್ಲಿ ಓದಿ ತೀರ್ಪು ಕೊಟ್ಟವರು ತಾವು ಒಪ್ಪಿದ ಗ್ರಂಥವನ್ನೂ ಮೂಲದಲ್ಲೇ ಓದಿದರು. 1921ರಲ್ಲಿ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ. ಪೂರ್ಣ ಬೈಬಲ್ ಪ್ರಕಟವಾದದ್ದು 1924ರಲ್ಲಿ. ಮುಕ್ತಿಯ ಮುದ್ರಣಾಲಯದಲ್ಲಿ ಅದರ ಅಚ್ಚುಮೊಳೆ ಜೋಡಿಸಿದವರು ಅಲ್ಲಿನ ಹೆಂಗಸರೇ.

ಮಾಳದ ಘಟ್ಟ ನೋಡಲು ಮಳೆ ನಿಂತ ಮೇಲಿನ ತಿಂಗಳುಗಳು ವಾಸಿ. ಕೇಡಗಾಂವಿಗೆ ಹೋಗಬೇಕೆನ್ನುವವರು ಪುಣೆಯಲ್ಲಿ ಇಳಿದು ದೌಂಡ್ ಕಡೆಯ ಗಾಡಿ ಹಿಡಿಯಬೇಕು. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೋಲಾಪುರ ದಾಟಿ ಪುಣೆ ಸೇರುವ ಮುನ್ನ ಕೇಡಗಾಂವನ್ನು ಹಾದೇ ಹೋಗುತ್ತದೆ.